ಜಾತ್ರೆಯ ಕುಸ್ತಿ ನೋಡುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಸುಗ್ಗಿ ಮುಗಿದಂದಿನಿಂದ ಮುಂಗಾರು ಇಳಿಯುವವರೆಗೆ ಒಂದಿಲ್ಲೊಂದು ಊರಿನಲ್ಲಿ ಜಾತ್ರೆ ನಡೆಯುತ್ತಲೇ ಇರುತ್ತದೆ. ತೇರು ಎಳೆದ ಮರುದಿನವೋ ಅದರ ಮಾರನೆಯ ದಿನವೋ ಆ ಊರಿನ ಕಣದಲ್ಲಿ ಕುಸ್ತಿ ಇರುತ್ತದೆ. ನೌಕರಿಯ ಸಲುವಾಗಿ ಬೇರೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಗೆಳೆಯರನ್ನು ನಾನು ಹಲವು ಸಲ ಈ ಕುಸ್ತಿಗಳಿಗೆ ಕರೆದುಕೊಂಡು ಹೋಗಿದ್ದೇನೆ. ಅವರಲ್ಲಿ ಬಹಳ ಮಂದಿ ಸಂಜೆ ತಡವಾಗಿ ಬಂದು, ದೊಡ್ಡ ಪೈಲ್ವಾನರ ಒಂದೇ ಒಂದು ಜೋಡಿಯನ್ನು ನೋಡಿ, ಇಬ್ಬರೂ ತಲೆಗೆ ತಲೆ ಕೊಟ್ಟು ಸುಮ್ಮನೆ ನಿಂತುಬಿಟ್ಟರಲ್ಲ ಎಂದು ಬೇಸರದಿಂದ ಎದ್ದು ಹೋದರು. ಸುಮ್ಮನೆ ನಿಂತಂತೆ ಕಾಣುವ ಆ ಹೊತ್ತಿನಲ್ಲಿಯೇ ಕುಸ್ತಿಯ ಮುಕ್ಕಾಲು ಪಾಲು ನಡೆದುಹೋಗುತ್ತದೆ. ಅದನ್ನು ಕಾಣಲು ಯಾವಾಗ ಹೋಗಬೇಕು, ಎಲ್ಲಿ ಕೂಡ್ರಬೇಕು, ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹ್ಯಾಂಡ್‌ಬಿಲ್ ಓದುವುದನ್ನು ಕಲಿಯಬೇಕು. ಜಾತ್ರೆಗೆ ಎಂಟು ಹತ್ತು ದಿನ ಇರುವಾಗಲೇ ಚಹಾದ ಅಂಗಡಿಯ ಗೋಡೆಗೆ, ಬಸ್ ನಿಲ್ದಾಣದ ಕಂಬಕ್ಕೆ ‘ಭಾರೀ ಜಂಗೀ ನಿಕಾಲಿ ಕುಸ್ತಿಗಳು’ ಎಂಬ ತಲೆಬರಹದ ಹಾಳೆಯನ್ನು ಅಂಟಿಸಿರುತ್ತಾರೆ. ನಿಕಾಲಿ ಎಂದರೆ ಸೋಲು ಗೆಲುವು ತೀರ್ಮಾನವಾಗುವವರೆಗೆ ಆಡುವ ಕುಸ್ತಿ ಎಂದರ್ಥ. ಅದರಲ್ಲಿ ಜೋಡಿಗಳ ಫೋಟೋ, ಅವರ ಊರು, ತಾಲೀಮು ಮಾಡಿದ ಗರಡಿ, ಕಲಿಸಿದ ಉಸ್ತಾದರ ಹೆಸರು, ಬಹುಮಾನದ ಹಣ ಇವೆಲ್ಲ ಇರುತ್ತವೆ. ಒಂದನೆಯ ನಂಬರಿನ ಕುಸ್ತಿ ಎಂದು ಮೇಲ್ಗಡೆ ದೊಡ್ಡದಾಗಿ ಹಾಕಿದ ಜೋಡಿಯೇ ಕಣಕ್ಕೆ ಕಟ್ಟಕಡೆಗೆ ಇಳಿಯುತ್ತದೆ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಆ ದಿನದ ಕ್ರಮ ಸಿಗುತ್ತದೆ. ಹೆಸರಿಗಿಂತ ಗರಡಿ ಮತ್ತು ಉಸ್ತಾದರ ಹೆಸರನ್ನು ಗಮನಿಸುವುದು ಒಳ್ಳೆಯದು. ನಾಲ್ಕಾರು ಕುಸ್ತಿಗಳನ್ನು ನೋಡಿದ ಮೇಲೆ ಒಂದೇ ಗರಡಿಯ ಹುಡುಗರೆಲ್ಲ ಒಂದೇ ಬಗೆಯಲ್ಲಿ ಕಾಲಿಡುವುದು ನಿಮ್ಮ ಕಣ್ಣಿಗೇ ಬೀಳುತ್ತದೆ.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಸಣ್ಣ ಊರಿನ ಜಾತ್ರೆಯನ್ನು. ಬೆಳಗಾವಿ ಪಟ್ಟಣದ ಆನಂದವಾಡಿ ಆಖಾಡದಲ್ಲಿ ದೊಡ್ಡ ದೊಡ್ಡ ಜೋಡಿಗಳು ಬರುತ್ತವೆ, ಸಂಕ್ರಾಂತಿಯ ಹೊತ್ತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿಯೂ ಕುಸ್ತಿಯ ಸಂಭ್ರಮ ಇರುತ್ತದೆ. ಆದರೆ ಅಲ್ಲಿ ಜನ ಹೆಚ್ಚು, ಕಣ ದೂರ. ಹಳ್ಳಿಯ ಕಣದಲ್ಲಿ ಪೈಲ್ವಾನನ ಉಸಿರು ಕೇಳುವಷ್ಟು ಹತ್ತಿರ ಕೂಡ್ರಲು ಸಿಗುತ್ತದೆ. ಈ ಸೀಮೆಯ ಕುಸ್ತಿಯ ಮಾತಿನಲ್ಲಿ ಮರಾಠಿ, ಹಿಂದಿ ಶಬ್ದಗಳು ಧಾರಾಳವಾಗಿ ಬೆರೆತಿರುವುದನ್ನು ಕಂಡು ಬೆರಗಾಗಬೇಕಿಲ್ಲ. ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ, ಖಾಸಬಾಗ ಕುಸ್ತಿ ಮೈದಾನ ಕಟ್ಟಿದ ಕೊಲ್ಹಾಪುರ ಇಲ್ಲಿಗೆ ಕೆಲವೇ ಗಂಟೆಗಳ ದಾರಿ. ಪೈಲ್ವಾನರೂ ಉಸ್ತಾದರೂ ಡಾವುಗಳ, ಅಂದರೆ ಕುಸ್ತಿಯ ಪಟ್ಟುಗಳ, ಹೆಸರುಗಳೂ ಎರಡೂ ಕಡೆಗೆ ಓಡಾಡುತ್ತಲೇ ಬಂದಿವೆ.

ಮಧ್ಯಾಹ್ನದ ಬಿಸಿಲು ತುಸು ಇಳಿಯುವ ಮೊದಲೇ ಕಣವನ್ನು ಮುಟ್ಟಬೇಕು. ಪಡುವಣಕ್ಕೆ ಬೆನ್ನು ಮಾಡಿ ಕುಳಿತರೆ ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ತಲೆಗೆ ಟವೆಲ್ಲು, ಕುಡಿಯಲು ನೀರು, ಧೂಳಿಗೆ ಅಂಜದ ಬಟ್ಟೆ ಇದ್ದರೆ ಸಾಕು. ಹಲಗಿ ಎಂಬ ಚರ್ಮವಾದ್ಯ ಬಾರಿಸುವ ಹಲಗಿಯವರು ಕುಳಿತ ಜಾಗದ ಹಿಂದೆ ಮಾತ್ರ ಕೂಡ್ರಬೇಡಿ. ಅವರ ಎದುರು ದಂಡೆಯಲ್ಲಿ ಕುಳಿತರೆ ಕಣದ ಆಟವೂ ಅವರ ಕೈಯ ಓಟವೂ ಒಂದೇ ನೋಟಕ್ಕೆ ಸಿಗುತ್ತವೆ.

ಕುಸ್ತಿ ಶುರುವಾಗುವ ಮೊದಲು ಮಣ್ಣನ್ನು ಒಮ್ಮೆ ಸರಿಯಾಗಿ ನೋಡಿರಿ. ಕಣದ ಮಣ್ಣು ಹೊಲದಿಂದ ತಂದು ಸುರಿದ ಮಣ್ಣಲ್ಲ. ಕೆಂಪು ಮಣ್ಣನ್ನು ಜರಡಿ ಹಿಡಿದು ಹರಳು ತೆಗೆದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸ ಬೆರೆಸಿ, ದಿನಗಟ್ಟಲೆ ಮಗುಚಿ ಹದ ಮಾಡಿರುತ್ತಾರೆ. ಎಣ್ಣೆ ಮಜ್ಜಿಗೆಗಳಿಂದ ಮಣ್ಣು ಮೆತ್ತಗಿದ್ದು ಹೆಂಟೆ ಕಟ್ಟುವುದಿಲ್ಲ. ಅರಿಸಿನವನ್ನು ತರಚಿದ ಚರ್ಮ ಕೀವಾಗದಿರಲಿ ಎಂದು ಹಾಕುತ್ತಾರೆ. ವಿಜಯಪುರದ ಕಡೆಯ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಒಣಗಿದರೆ ಬಿರಿಯುತ್ತದೆ, ನೆನೆದರೆ ಅಂಟುತ್ತದೆ. ಅದು ಜೋಳಕ್ಕೆ ಒಗ್ಗಿದಂತೆ ಕುಸ್ತಿಗೆ ಒಗ್ಗುವುದಿಲ್ಲ. ಇಷ್ಟು ದುಡಿದು ಸಿದ್ಧ ಮಾಡಿದ ಕಣಕ್ಕೆ ಚಪ್ಪಲಿ ಕಾಲಿನಲ್ಲಿ ಇಳಿಯುವುದು ದೊಡ್ಡ ತಪ್ಪು. ಮಕ್ಕಳಿಗೂ ಮೊದಲೇ ಹೇಳಿ ಕರೆದುಕೊಂಡು ಹೋಗಬೇಕು.

ಇನ್ನು ಹಲಗಿ. ಕುಸ್ತಿಯನ್ನು ಬರೀ ಆಟವೆಂದು ತಿಳಿದವರು ಅದರ ಅರ್ಧವನ್ನು ಕಳೆದುಕೊಳ್ಳುತ್ತಾರೆ ಎಂಬ ಮಾತಿನಲ್ಲಿ ನನಗೆ ಪೂರ್ಣ ನಂಬಿಕೆ ಇದೆ, ಏಕೆಂದರೆ ಜಾತ್ರೆಯ ಕಣದಲ್ಲಿ ಆಟ ಮತ್ತು ವಾದ್ಯ ಬೇರೆ ಬೇರೆ ಅಲ್ಲ. ಕಟ್ಟಿಗೆಯ ಬಳೆಗೆ ಚರ್ಮ ಬಿಗಿದ ಹಲಗಿಯನ್ನು ಹುಲ್ಲು ಅಥವಾ ಕಾಗದದ ಬೆಂಕಿಗೆ ಹಿಡಿದು ಕಾಯಿಸುವುದರಿಂದಲೇ ಆ ಸಂಜೆಯ ಕೆಲಸ ಆರಂಭವಾಗುತ್ತದೆ. ಕಾಯ್ದಷ್ಟೂ ಚರ್ಮ ಬಿಗಿಯುತ್ತದೆ, ಬಿಗಿದಷ್ಟೂ ನಾದ ಏರುತ್ತದೆ. ನಡುನಡುವೆ ಒಬ್ಬರು ಎದ್ದು ಮತ್ತೆ ಬೆಂಕಿಯ ಹತ್ತಿರ ಹೋದರೆ ಅದು ವಿಶ್ರಾಂತಿಯಲ್ಲ. ಚರ್ಮ ತಣ್ಣಗಾಗಿ ಶ್ರುತಿ ಇಳಿದಿದೆ ಎಂದು ತಿಳಿಯಬೇಕು. ಒಂದು ಕೈಯಲ್ಲಿ ತೆಳ್ಳನೆಯ ಕಡ್ಡಿ, ಇನ್ನೊಂದರಲ್ಲಿ ದಪ್ಪನೆಯ ಕೋಲು. ತೆಳ್ಳನೆಯದು ಬಿಡುವಿಲ್ಲದೆ ನಡೆಯುತ್ತದೆ, ದಪ್ಪನೆಯದು ಪೆಟ್ಟಿನ ತೂಕ ಕೊಡುತ್ತದೆ.

ಜೋಡಿ ಕಣಕ್ಕೆ ಇಳಿಯುವಾಗ ನಡಿಗೆಗೆ ತಕ್ಕ ನಿಧಾನದ ಪೆಟ್ಟು. ಪೈಲ್ವಾನರು ಕೈ ಕೂಡಿಸಿದ ಮೇಲೆ ಪೆಟ್ಟು ಸಣ್ಣದಾಗಿ, ಒಂದೇ ಸಮನಾಗಿ ಹರಿಯುತ್ತದೆ. ಯಾರಾದರೂ ಕಾಲಿಗೆ ನುಗ್ಗಿದರೆ ಲಯ ಒಮ್ಮೆಲೇ ದುಪ್ಪಟ್ಟಾಗುತ್ತದೆ, ಎದುರಾಳಿ ತಪ್ಪಿಸಿಕೊಂಡರೆ ಮತ್ತೆ ಹಿಂದಿನ ನಡೆಗೆ ಇಳಿಯುತ್ತದೆ. ಅನುಭವ ಇರುವ ಹಲಗಿಯವರು ಪೈಲ್ವಾನನ ಭುಜವನ್ನು ನೋಡಿಯೇ ಡಾವು ಬರುವುದನ್ನು ಗುರುತಿಸುತ್ತಾರೆ. ಹೀಗಾಗಿ ಪೆಟ್ಟು ಏರಿದಾಗ ನೀವು ಎಲ್ಲಿ ನೋಡುತ್ತಿದ್ದರೂ ತಟ್ಟನೆ ಕಣದ ಕಡೆ ತಿರುಗಬೇಕು. ಅವರ ಕೈ ನಿಮ್ಮ ಕಣ್ಣಿಗಿಂತ ಅರೆಕ್ಷಣ ಮುಂದಿರುತ್ತದೆ. ಒಂದೆರಡು ಜೋಡಿಗಳನ್ನು ಕಣ್ಣು ಮುಚ್ಚಿಕೊಂಡು ಬರೀ ಹಲಗಿಯ ಮೇಲೆ ಕೇಳಿ ನೋಡಿರಿ. ನಾನು ಹಾಗೆ ಮಾಡಿದ ದಿನವೇ ಕುಸ್ತಿ ನನಗೆ ಹಿಡಿಸಿದ್ದು.

ಕೆಳಗಿನ ನಂಬರಿನ ಕುಸ್ತಿಗಳನ್ನು ಬಿಡಬೇಡಿ. ಕೊಬ್ಬರಿ ಬಟ್ಟಲಿಗೋ ಸಣ್ಣ ಮೊತ್ತಕ್ಕೋ ಸೆಣಸುವ ಹತ್ತು ಹನ್ನೆರಡು ವರ್ಷದ ಹುಡುಗರು ಡಾವನ್ನು ಮುಚ್ಚಿಡಲು ಇನ್ನೂ ಕಲಿತಿರುವುದಿಲ್ಲ. ಏನು ಮಾಡಲು ಹೊರಟಿದ್ದಾರೆಂಬುದು ಹೊಸ ಕಣ್ಣಿಗೂ ಕಾಣುತ್ತದೆ. ಈಗೀಗ ಹುಡುಗಿಯರ ಜೋಡಿಗಳೂ ಇರುತ್ತವೆ, ಅವರ ಕುಸ್ತಿಯಲ್ಲಿ ಚುರುಕು ಹೆಚ್ಚು, ತಡಕಾಟ ಕಡಿಮೆ. ಕುಸ್ತಿಯ ಅಕ್ಷರ ಕಲಿಯುವವರು ಇಲ್ಲಿಂದಲೇ ಶುರು ಮಾಡಬೇಕು.

ಕೈ ಕೂಡಿಸುವ ಮೊದಲು ಪೈಲ್ವಾನ ಬಗ್ಗಿ ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ, ಬಳಿಕ ಒಂದು ಹಿಡಿ ಮಣ್ಣನ್ನು ಎದುರಾಳಿಯ ಮೈಗೆ ಎರಚುತ್ತಾನೆ. ಮೊದಲನೆಯದು ಭಕ್ತಿ, ಎರಡನೆಯದು ಕೆಲಸ: ಬೆವರಿದ ಮೈಗೆ ಮಣ್ಣು ಹತ್ತಿದರೆ ಹಿಡಿತ ಜಾರುವುದಿಲ್ಲ. ತೊಡೆ ತಟ್ಟಿ ಸವಾಲು ಹಾಕುವುದನ್ನೇ ಸಡ್ಡು ಹೊಡೆಯುವುದು ಎನ್ನುತ್ತಾರೆ. ಪತ್ರಿಕೆಗಳಲ್ಲಿ ರಾಜಕಾರಣಿಗಳು ಸಡ್ಡು ಹೊಡೆದರೆಂದು ಓದುತ್ತೇವಲ್ಲ, ಆ ಮಾತು ಹೋದದ್ದು ಈ ಕಣದಿಂದ.

ನನಗೆ ಕುಸ್ತಿ ನೋಡುವುದನ್ನು ಕಲಿಸಿದವರು ನಮ್ಮ ಸೋದರಮಾವ. ಚಿಕ್ಕವನಿದ್ದಾಗ ಪೈಲ್ವಾನರ ಬಾಹುಗಳನ್ನು ಬಾಯಿ ತೆರೆದು ನೋಡುತ್ತಿದ್ದ ನನ್ನ ಗದ್ದ ಹಿಡಿದು ಕೆಳಕ್ಕೆ ತಿರುಗಿಸಿ, “ತಮ್ಮಾ, ಕೈ ಏನ್ ನೋಡ್ತಿ, ಕಾಲ ನೋಡ. ಬೀಳಾಂವ ಕಾಲಾಗ ಮೊದ್ಲ ಬಿದ್ದಿರ್ತಾನ” ಎಂದಿದ್ದರು. ತಲೆಗೆ ತಲೆ ಕೊಟ್ಟು ನಿಂತವರನ್ನು ನೋಡುವಾಗ ನಾನು ಇಂದಿಗೂ ಮಾಡುವುದು ಅಷ್ಟೇ. ಒಬ್ಬನ ಕೈ ಇನ್ನೊಬ್ಬನ ಕತ್ತಿನ ಮೇಲೆ ಇರುತ್ತದೆ. ಅವನು ಕತ್ತನ್ನು ಕೆಳಕ್ಕೆ ಜಗ್ಗುತ್ತಾನೆ. ಜಗ್ಗಿಸಿಕೊಂಡವನು ಬೀಳದಿರಲು ಒಂದು ಹೆಜ್ಜೆ ಮುಂದಿಡಲೇಬೇಕು. ಆ ಹೆಜ್ಜೆಗಾಗಿಯೇ ಎದುರಾಳಿ ಕಾಯುತ್ತಿರುತ್ತಾನೆ. ಐದು ಸಲ ಬರೀ ಜಗ್ಗಿ, ಆರನೆಯ ಸಲ ಜಗ್ಗುತ್ತಲೇ ಕಾಲಿಗೆ ಕೈ ಹಾಕುತ್ತಾನೆ. ಒಂದು ಕಾಲನ್ನು ಹಿಡಿದರೆ ಏಕೇರಿ ಪಟ, ಎರಡನ್ನೂ ಹಿಡಿದರೆ ದುಹೇರಿ ಪಟ. ಯಾರ ತೂಕ ಹಿಮ್ಮಡಿಯ ಮೇಲಿದೆ, ಯಾರದು ಮುಂಗಾಲಿನ ಮೇಲಿದೆ, ಯಾರ ಪಾದಗಳು ಒಂದೇ ಗೆರೆಗೆ ಬಂದುಬಿಟ್ಟಿವೆ ಎಂದು ನೋಡುತ್ತಾ ಹೋದರೆ, ಹತ್ತು ನಿಮಿಷದ ತಡಕಾಟದಲ್ಲಿ ಒಂದು ಕ್ಷಣವೂ ಬರಿದಾಗಿಲ್ಲ ಎಂಬುದು ಗೊತ್ತಾಗುತ್ತದೆ.

ಡಾವುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ, ನಾಲ್ಕೈದು ತಿಳಿದರೆ ಮೈಕಿನವರ ಮಾತನ್ನು ಹಿಂಬಾಲಿಸಬಹುದು. ಅಗಸರು ಬಟ್ಟೆಯನ್ನು ಹೆಗಲ ಮೇಲಿನಿಂದ ಎತ್ತಿ ಕಲ್ಲಿಗೆ ಬಡಿಯುವಂತೆ ಎದುರಾಳಿಯನ್ನು ಹೆಗಲ ಮೇಲಿನಿಂದ ಒಗೆದರೆ ಅದು ಧೋಬಿ ಪಛಾಡ. ಬಗ್ಗಿ ನುಗ್ಗಿ, ಎದುರಾಳಿಯನ್ನು ಎರಡೂ ಭುಜಗಳ ಮೇಲೆ ಅಡ್ಡಲಾಗಿ ಹೊತ್ತು ಕೆಡವಿದರೆ ಕಲಾಜಂಗ್. ಬೋರಲಾಗಿ ನೆಲ ಕಚ್ಚಿದವನ ಲಂಗೋಟಿಯನ್ನು ಹಿಡಿದು ಎಳೆದು ಮಗುಚುವುದು ಘಿಸ್ಸಾ. ಘಿಸ್ಸಾ ನೋಡಲು ಚಂದವಲ್ಲ, ಆದರೆ ಜಾತ್ರೆಯ ಕಣದಲ್ಲಿ ಬಹಳ ಸಲ ಕೆಲಸ ಕೊಡುವುದು ಅದೇ. ಕೆಳಗೆ ಬಿದ್ದವನು ಸೋತಂತಲ್ಲ ಎಂಬುದನ್ನು ನೆನಪಿಡಬೇಕು. ಬೋರಲಾಗಿ ಬಿದ್ದು, ಮಂಡಿ ಮೊಣಕೈ ಊರಿ, ಮೇಲಿದ್ದವನ ಕೈ ಸೋಲುವವರೆಗೆ ಕಾಯುವುದೂ ಒಂದು ವಿದ್ಯೆ. ಬೆನ್ನು ಮತ್ತು ಎರಡೂ ಹೆಗಲು ಮಣ್ಣಿಗೆ ಹತ್ತಿದರೆ ಮಾತ್ರ ಚಿತ್.

ದೂರದರ್ಶನದಲ್ಲಿ ಒಲಿಂಪಿಕ್ಸ್ ನೋಡಿ ಬಂದವರಿಗೆ ಇಲ್ಲಿಯೇ ಗೊಂದಲವಾಗುವುದು. ಮ್ಯಾಟ್ ಮೇಲಿನ ಕುಸ್ತಿಯಲ್ಲಿ 3 ನಿಮಿಷದ 2 ಸುತ್ತು, ನಡುವೆ 30 ಸೆಕೆಂಡು ಬಿಡುವು, ಫಲಿಸಿದ ಡಾವಿಗೆ ಅಂಕ, ತೂಕಕ್ಕೆ ತಕ್ಕ ವರ್ಗ ಇರುತ್ತವೆ. ಮಣ್ಣಿನಲ್ಲಿ ಅಂಕದ ಲೆಕ್ಕವಿಲ್ಲ, ಚಿತ್ ಒಂದೇ ಲೆಕ್ಕ. ಆದ್ದರಿಂದ ಮಣ್ಣಿನ ಪೈಲ್ವಾನ ಅವಸರ ಮಾಡುವುದಿಲ್ಲ. ದಮ್ಮು ಉಳಿಸಿಕೊಂಡು ಎದುರಾಳಿಯ ದಮ್ಮನ್ನು ಕರಗಿಸುತ್ತಾನೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರು ಮಣ್ಣಿನಲ್ಲಿಯೇ ಬೆಳೆದವರು ಎಂಬುದನ್ನು ನೆನೆದರೆ ಎರಡನ್ನೂ ಒಂದನ್ನೊಂದು ಕೀಳು ಮಾಡದೆ ನೋಡಬಹುದು. ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆಯಂಥ ಕಡೆ ಕಲಿಯುವ ಇಂದಿನ ಮಕ್ಕಳಿಗೆ ಮ್ಯಾಟು ಬೇಕೇ ಬೇಕು. ಆದರೂ ಅವರು ಜಾತ್ರೆಯ ಕಣಕ್ಕೂ ಇಳಿಯಲಿ ಎಂಬುದು ನನ್ನ ಆಸೆ, ಏಕೆಂದರೆ ಊರು ತನ್ನ ಪೈಲ್ವಾನನನ್ನು ಹತ್ತಿರದಿಂದ ನೋಡುವುದು ಅಲ್ಲಿ ಮಾತ್ರ.

ಬಹಳ ಹೊತ್ತು ಯಾರೂ ಬೀಳದಿದ್ದರೆ ತೀರ್ಪು ಕೊಡುವ ಪಂಚರು ನಡುವೆ ಬಂದು ಇನ್ನಿಷ್ಟು ನಿಮಿಷ ಎಂದು ಗಡುವು ಕೊಡುತ್ತಾರೆ. ಗಡುವು ಕೊಟ್ಟ ಮೇಲಿನ ಆ ನಿಮಿಷಗಳನ್ನು ತಪ್ಪಿಸಬಾರದು. ಅಲ್ಲಿಯವರೆಗೆ ಕಾದಿಟ್ಟ ಡಾವುಗಳೆಲ್ಲ ಆಗ ಹೊರಬರುತ್ತವೆ. ಆಗಲೂ ತೀರ್ಮಾನವಾಗದಿದ್ದರೆ ಬರಾಬರಿ ಎಂದು ಸಾರಿ ಇಬ್ಬರ ಕೈಯನ್ನೂ ಎತ್ತುತ್ತಾರೆ. ಬರಾಬರಿ ಆದಾಗ ಕೂಗಾಡುವವರ ಜೊತೆ ನೀವು ಸೇರಬೇಡಿ. ಒಮ್ಮೆ ಒಂದು ಊರಿನಲ್ಲಿ ಹೀಗೆಯೇ ಜನ ಎದ್ದು ಕಣಕ್ಕೆ ನುಗ್ಗಿ, ಅರ್ಧ ತಾಸು ಹಲಗಿ ನಿಂತುಹೋಗಿ, ಕಡೆಯ ಎರಡು ಜೋಡಿಗಳು ಕತ್ತಲಲ್ಲಿ ಆಡಬೇಕಾಯಿತು. ಆ ಪೈಲ್ವಾನರ ಮುಖ ನನಗೆ ಇನ್ನೂ ಕಣ್ಣ ಮುಂದಿದೆ.

ಗೆದ್ದವನು ಕಣದ ಸುತ್ತ ಒಂದು ಸುತ್ತು ಬರುತ್ತಾನೆ. ಮೆಚ್ಚಿದವರು ಆಗ ಕೈಲಾದಷ್ಟು ಆಯೇರಿ, ಅಂದರೆ ಮೆಚ್ಚುಗೆಯ ಕಾಣಿಕೆ, ಕೊಡುತ್ತಾರೆ. ಹತ್ತು ಇಪ್ಪತ್ತು ರೂಪಾಯಿ ಕೊಡಲು ಸಂಕೋಚ ಬೇಡ. ಸೋತವನು ಚೆನ್ನಾಗಿ ಆಡಿದ್ದರೆ ಅವನನ್ನೂ ಕರೆದು ಕೊಡುವ ರೂಢಿ ಇದೆ. ಹಲಗಿಯವರನ್ನು ಮರೆಯಬಾರದು. ಮಧ್ಯಾಹ್ನದಿಂದ ಒಂದೇ ಸಮನೆ ಬಾರಿಸಿದವರಿಗೆ ಬಹಳ ಊರುಗಳಲ್ಲಿ ಕಮಿಟಿಯವರ ವೀಳ್ಯವಷ್ಟೇ ಸಿಗುತ್ತದೆ, ಮೈಕಿನಲ್ಲಿ ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಇದು ನನಗೆ ಸರಿಕಾಣದು. ಹತ್ತಿರ ಹೋಗಿ ಹೆಸರು ಕೇಳಿ, ಊರು ಕೇಳಿ, ಕೈಗೆ ಆಯೇರಿ ಕೊಟ್ಟು ಬನ್ನಿರಿ.

ಇಷ್ಟು ನೋಡಿದ ಮೇಲೂ ಮನಸ್ಸು ತಣಿಯದಿದ್ದರೆ ಆ ಊರಿನ ಗರಡಿ ಮನೆಗೆ ಒಂದು ಬೆಳಗಿನ ಜಾವ ಹೋಗಬಹುದು. ಉಸ್ತಾದರ ಅಪ್ಪಣೆ ಪಡೆದು, ಚಪ್ಪಲಿಯನ್ನು ಹೊರಗೆ ಬಿಟ್ಟು, ಹನುಮಪ್ಪನಿಗೆ ಕೈಮುಗಿದು, ಗೋಡೆಗೆ ಒರಗಿ ಸದ್ದಿಲ್ಲದೆ ಕುಳಿತರೆ ಯಾರೂ ಬೇಡ ಎನ್ನುವುದಿಲ್ಲ. ಹುಡುಗರು ಮೊದಲು ಗುದ್ದಲಿ ಹಿಡಿದು ಕಣದ ಮಣ್ಣನ್ನು ಅಗೆದು ಸಡಿಲ ಮಾಡುತ್ತಾರೆ, ಆಮೇಲೆ ದಂಡ, ಬೈಠಕ್ ಹೊಡೆದು ಸಾಮು ತೆಗೆಯುತ್ತಾರೆ, ಕೊನೆಗೆ ಜೋಡಿಯಾಗಿ ನಿಲ್ಲುತ್ತಾರೆ. ಅಲ್ಲಿ ಹಲಗಿ ಇರುವುದಿಲ್ಲ. ಮಣ್ಣಿನ ಮೇಲೆ ಪಾದ ಉಜ್ಜುವ ಸದ್ದು ಒಂದೇ ಕೇಳಿಸುತ್ತಿರುತ್ತದೆ.