ಮಂಡಿ ನೋಡದೆ ಜೋಡಿ ಮಾಡುವುದಿಲ್ಲ: ಶಿರಸಿಯಲ್ಲಿ ಪೊಮೇರಿಯನ್ ಸಾಕಿದ ಅನುಭವ

ಪೊಮೇರಿಯನ್ ಮರಿ ಕೇಳಿಕೊಂಡು ಬರುವವರು ಮೊದಲು ಕೂದಲು ನೋಡುತ್ತಾರೆ. ಆಮೇಲೆ ಮೂಗು ಕಪ್ಪಗಿದೆಯಾ, ಬಾಲ ಬೆನ್ನ ಮೇಲೆ ಮಡಚಿದೆಯಾ ಅಂತ ಕೇಳುತ್ತಾರೆ. ತಾಯಿಯ ಮಂಡಿ ಹೇಗಿದೆ ಅಂತ ಕೇಳಿದವರು ತೀರಾ ಅಪರೂಪ. ನಾನು ಅಡಿಕೆ ತೋಟದ ಕೆಲಸದ ಜೊತೆಗೆ ಹಲವು ವರ್ಷಗಳಿಂದ ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಇವನ್ನು ಸಾಕಿ ಮರಿ ಮಾಡಿಸುತ್ತಿದ್ದೇನೆ. ಈ ತಳಿಯಲ್ಲಿ ನನಗೆ ಜಾಸ್ತಿ ತಲೆಬಿಸಿ ಕೊಟ್ಟಿದ್ದು ಮಂಡಿ ಚಿಪ್ಪೇ.

ನಮ್ಮಲ್ಲಿಂದ ಮರಿ ಒಯ್ದ ಕುಮಟಾದ ಅಕ್ಕ ಒಬ್ಬರು ಒಂದು ದಿನ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದರು. "ಹೆಗಡೇರೇ, ನಮ್ಮ ಚಿನ್ನು ಹೇಗೆ ಕುಣೀತದೆ ನೋಡಿ!" ನಾಯಿ ಅಂಗಳದಲ್ಲಿ ಓಡುತ್ತಿತ್ತು. ನಡುವೆ ಬಲ ಹಿಂಗಾಲು ಎತ್ತಿ ಮೂರು ಕಾಲಲ್ಲಿ ಕುಪ್ಪಳಿಸಿತು. ಆ ಕಾಲನ್ನು ಒಮ್ಮೆ ಹಿಂದಕ್ಕೆ ಝಾಡಿಸಿ ಮತ್ತೆ ಏನೂ ಆಗದ ಹಾಗೆ ಓಡಿತು. ಅಕ್ಕನಿಗೆ ಖುಷಿ, ನನಗೆ ಕಸಿವಿಸಿ.

ತೊಡೆ ಎಲುಬಿನ ಕೆಳತುದಿಯಲ್ಲಿ ಒಂದು ತೋಡು ಇರುತ್ತದೆ. ಮಂಡಿ ಚಿಪ್ಪು ಅದರೊಳಗೇ ಮೇಲೆ ಕೆಳಗೆ ಜಾರುತ್ತಿರಬೇಕು. ಈ ಪುಟ್ಟ ತಳಿಗಳಲ್ಲಿ ಎಷ್ಟೋ ನಾಯಿಗಳಿಗೆ ಆ ತೋಡು ಆಳ ಇರುವುದಿಲ್ಲ, ಕಾಲಿನ ಎಲುಬೂ ಸ್ವಲ್ಪ ತಿರುಚಿರುತ್ತದೆ. ಹಾಗಾಗಿ ಚಿಪ್ಪು ಸಾಮಾನ್ಯವಾಗಿ ಒಳಬದಿಗೆ ಸರಿದು ಕೂರುತ್ತದೆ. ಝಾಡಿಸಿದಾಗ ಜಾಗಕ್ಕೆ ವಾಪಸ್ ಬರುತ್ತದೆ. ನೋಡಿದವರಿಗೆ ಅದು ಕುಣಿತ. ಟೈಲ್ಸ್ ನೆಲದಲ್ಲಿ ಜಾರಿದ್ದಕ್ಕೆ ಹೀಗಾಯಿತು ಅಂತ ಎಷ್ಟೋ ಜನ ಹೇಳುತ್ತಾರೆ. ನಮ್ಮ ಕಡೆ ಚಿರತೆ ಕಾಟಕ್ಕೆ ಸಣ್ಣ ನಾಯಿಯನ್ನು ರಾತ್ರಿ ಒಳಗೇ ಮಲಗಿಸಬೇಕು, ಟೈಲ್ಸ್ ತಪ್ಪಿದ್ದಲ್ಲ. ಜಾರುವ ನೆಲ ತೊಂದರೆ ಹೆಚ್ಚಿಸಬಹುದು. ಆದರೆ ಮೂಲ ಹೆಚ್ಚಾಗಿ ವಂಶದಲ್ಲೇ ಇರುತ್ತದೆ.

ಒಳ್ಳೆಯ ಸಂಗತಿ ಎಂದರೆ ಇದನ್ನು ಪತ್ತೆ ಮಾಡಲು ದೊಡ್ಡ ಮಷೀನು ಬೇಡ, ಅನುಭವ ಇರುವ ಡಾಕ್ಟರ ಕೈ ಸಾಕು. ನಮ್ಮ ಪಶುವೈದ್ಯರು ಮೊದಲು ನಾಯಿಯನ್ನು ನಿಲ್ಲಿಸಿಯೇ ನೋಡುತ್ತಾರೆ, ಆಮೇಲೆ ಮಗ್ಗುಲಾಗಿ ಮಲಗಿಸುತ್ತಾರೆ. ಒಂದು ಕೈಯಲ್ಲಿ ಪಾದ ಹಿಡಿದು ಕಾಲು ನೀಡಿಸಿ, ಬೆರಳುಗಳನ್ನು ಒಳಕ್ಕೆ ತಿರುಗಿಸುತ್ತಾರೆ. ಇನ್ನೊಂದು ಕೈಯ ಹೆಬ್ಬೆರಳಲ್ಲಿ ಚಿಪ್ಪನ್ನು ಮೆಲ್ಲಗೆ ಒಳಬದಿಗೆ ಒತ್ತುತ್ತಾರೆ. ಒತ್ತಿದರೂ ಅಲ್ಲೇ ಕೂತರೆ ಸೊನ್ನೆ. ಒತ್ತಿದಾಗ ಸರಿದು, ಬಿಟ್ಟ ಕೂಡಲೇ ವಾಪಸ್ ಬಂದರೆ ಒಂದನೇ ಗ್ರೇಡ್. ನಡೆದಾಡುವಾಗ ತಾನಾಗೇ ಸರಿದು ವಾಪಸ್ ಬರುತ್ತಿದ್ದರೆ ಎರಡು. ಹೆಚ್ಚು ಹೊತ್ತು ಹೊರಗೇ ಇದ್ದು, ಕೈಯಲ್ಲಿ ಒತ್ತಿದರೆ ಮಾತ್ರ ಒಳಗೆ ಹೋದರೆ ಮೂರು. ಒತ್ತಿದರೂ ಹೋಗದಿದ್ದರೆ ನಾಲ್ಕು. ಒಮ್ಮೆ ಡಾಕ್ಟರು ನನ್ನ ಹೆಬ್ಬೆರಳನ್ನೂ ಅಲ್ಲಿಟ್ಟು ತೋರಿಸಿದರು. ಚಿಪ್ಪು ಹುಣಸೆ ಬೀಜದಷ್ಟೇ, ಸರಿದಾಗ ಬೆರಳಿಗೆ ಸಣ್ಣಗೆ 'ಟಕ್' ಅಂತ ತಾಗಿತು.

ಒಂದನೇ ಗ್ರೇಡಿನ ಎಷ್ಟೋ ನಾಯಿಗಳು ತೂಕ ಮಿತಿಯಲ್ಲಿದ್ದರೆ ಆರಾಮಾಗಿ ಬದುಕುತ್ತವೆ. ಮೂರು, ನಾಲ್ಕಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ. ಅದಕ್ಕೆ ಇಲ್ಲಿಂದ ಹುಬ್ಬಳ್ಳಿ, ಶಿವಮೊಗ್ಗ ಅಂತ ಅಲೆಯಬೇಕು. ಚಿನ್ನುವಿನದು ಎರಡನೇ ಗ್ರೇಡ್ ಎಂದಾಯಿತು. ಬೆಣ್ಣೆ ಬಿಸ್ಕತ್ತು ನಿಲ್ಲಿಸಿ ತೂಕ ಇಳಿಸಿದ್ದಾರೆ, ಸಂತಾನಹರಣ ಆಪರೇಷನ್ ಆಗಿದೆ.

ಚಿನ್ನುವಿನ ತಾಯಿ, ತಂದೆ ಇಬ್ಬರದ್ದೂ ಸೊನ್ನೆ. ಅದೇ ಇದರ ಕಷ್ಟ. ಇದು ಒಂದೇ ಜೀನಿನ ಆಟ ಅಲ್ಲ, ಹಲವು ಸೇರಿ ಆಗುವಂಥದ್ದು. ರಕ್ತ ಕೊಟ್ಟು ತಿಳಿದುಕೊಳ್ಳುವ ಟೆಸ್ಟ್ ಇಲ್ಲ. ಮೇಲಾಗಿ ಒಂದು ವರ್ಷ ತುಂಬುವ ಮೊದಲು ಮಾಡಿದ ಪರೀಕ್ಷೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಎಂಟು ವಾರದ ಮರಿ ಕೊಡುವಾಗ "ಮಂಡಿ ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ, ನಂಬಬೇಡಿ.

ಬೀಜಕ್ಕೆ ಅಡಿಕೆ ಆರಿಸುವಾಗ ನಾವು ಕಾಯಿಯ ಹೊಳಪು ನೋಡಿ ಸುಮ್ಮನಾಗುತ್ತೇವಾ? ತಾಯಿಮರ ವರ್ಷ ವರ್ಷ ಹೇಗೆ ಫಲ ಕೊಟ್ಟಿದೆ ಅಂತ ನೋಡುತ್ತೇವೆ. ನಾಯಿಗೂ ಅದೇ ಲೆಕ್ಕ. ತಾಯಿ ತಂದೆಯ ಜೊತೆಗೆ ಅವುಗಳ ಅಣ್ಣತಮ್ಮ, ಅಕ್ಕತಂಗಿ, ಹಿಂದಿನ ಸೂಲಿನ ಮರಿ ಎಲ್ಲದರ ಮಂಡಿಯೂ ಲೆಕ್ಕಕ್ಕೆ ಬರಬೇಕು. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಮರಿ ಯಾರ ಮನೆಗೆ ಹೋಯಿತು, ವರ್ಷ ತುಂಬಿದಾಗ ಮಂಡಿ ಎಷ್ಟು, ಹಾಲುಹಲ್ಲು ಬಿದ್ದವಾ, ಎಲ್ಲ ಅದರಲ್ಲಿದೆ. ಮರಿ ಕೊಡುವಾಗಲೇ ಹೇಳಿಬಿಡುತ್ತೇನೆ: ವರ್ಷಕ್ಕೊಮ್ಮೆ ನಾನು ಫೋನು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೆಲವರು ಎತ್ತುವುದಿಲ್ಲ. ಎತ್ತುವವರಿಂದಲೇ ನನ್ನ ಕೆಲಸ ನಡೆಯುತ್ತಿದೆ. ಚಿನ್ನು ಹುಟ್ಟಿದ ಸೂಲಿನಲ್ಲೇ ಅಂಕೋಲೆಗೆ ಹೋದ ಇನ್ನೊಂದಕ್ಕೂ ಮಂಡಿ ಸರಿಯಿಲ್ಲ ಅಂತ ಗೊತ್ತಾದ ಮೇಲೆ ಆ ತಾಯಿಗೆ ಮತ್ತೆ ಮರಿ ಮಾಡಿಸಲಿಲ್ಲ. ನೋಡಲು ಆ ಹೆಣ್ಣು ನಮ್ಮಲ್ಲೇ ಚೆಂದ. ಮನೆಯವಳು ಈಗಲೂ "ಅದರದ್ದೊಂದು ಮರಿ ಇರಬೇಕಿತ್ತು" ಅನ್ನುತ್ತಾಳೆ.

ಒಂದನೇ ಗ್ರೇಡಿನ ನಾಯಿಯನ್ನು ಸೊನ್ನೆಯ ಜೊತೆ ಜೋಡಿ ಮಾಡುವವರಿದ್ದಾರೆ. ನಾಯಿಗಳೇ ಕಡಿಮೆ ಇರುವ ತಳಿಯಲ್ಲಿ ಅದು ಸರಿ ಇರಬಹುದು. ಪೊಮೇರಿಯನ್‌ಗೆ ಅಂಥ ಬರ ಏನಿದೆ?

ಬರ ಇರುವುದು ಬೇರೆ ರಕ್ತದ ಗಂಡಿಗೆ. ಸಣ್ಣ ಊರಿನಲ್ಲಿ ಒಂದು ಚೆಂದದ ಗಂಡು ಇದ್ದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಗಂಡಿನ ಮನೆಯವರು ದುಡ್ಡಿನ ಬದಲು ಒಂದು ಮರಿ ಇಸಿದುಕೊಳ್ಳುತ್ತಾರೆ, ಆ ಮರಿ ಅದೇ ಬೀದಿಯಲ್ಲಿ ಬೆಳೆಯುತ್ತದೆ. ಕೆಲವು ವರ್ಷದಲ್ಲಿ ಅಪ್ಪ ಮಗಳು ಅಂತ ಗೊತ್ತಿಲ್ಲದೆ ಬೆದೆಗೆ ಬಂದ ಹೆಣ್ಣನ್ನು ಅದೇ ಗಂಡಿನ ಹತ್ತಿರ ಒಯ್ಯುತ್ತಾರೆ. ಅದಕ್ಕೇ ನಾನು ದೇವಿಮನೆ ಘಾಟಿ ಇಳಿದು ಕರಾವಳಿ ಕಡೆ, ಇಲ್ಲವಾದರೆ ಹಾವೇರಿ ಕಡೆ ಗಂಡು ಹುಡುಕುತ್ತೇನೆ.

ಬೇರೆ ಮೂರು ಸಂಗತಿಗಳನ್ನೂ ನೋಡುತ್ತೇನೆ. ಗಂಡುಮರಿಗೆ ಆರು ತಿಂಗಳಾದರೂ ಒಂದು ಬೀಜ ಇಳಿಯದಿದ್ದರೆ ಅದು ವಂಶದ ದೋಷ. ತಾಯಿಯ ಕಡೆಯಿಂದಲೂ ಬರಬಹುದು. ಒಳಗೇ ಉಳಿದ ಬೀಜದಲ್ಲಿ ಗಡ್ಡೆಯಾಗುವ ಸಾಧ್ಯತೆ ಜಾಸ್ತಿ, ತೆಗೆಸುವುದೇ ಒಳ್ಳೆಯದು. ಎಳೆದಾಗ, ಖುಷಿಯಾದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮಿದರೆ ಶೀತ ಅಂದುಕೊಳ್ಳದೆ ಶ್ವಾಸನಾಳ ತೋರಿಸಿ. ಕುತ್ತಿಗೆ ಪಟ್ಟಿ ಬಿಟ್ಟು ಎದೆಪಟ್ಟಿ ಹಾಕಿ. ಇನ್ನು ಕೂದಲು ಉದುರಿ ಚರ್ಮ ಕಪ್ಪಾಗುವ ಒಂದು ತೊಂದರೆಯೂ ಈ ತಳಿಯಲ್ಲಿದೆ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಹುಳಕಡ್ಡಿ, ಉಣುಗು ಎಲ್ಲವೂ ಇರುವುದರಿಂದ ಮೊದಲು ಅವನ್ನೇ ಪರೀಕ್ಷೆ ಮಾಡಿಸಬೇಕು.

ಈಗ "ಟೀಕಪ್ ಸಿಗುತ್ತದಾ" ಅಂತ, ಅಂದರೆ ಕಪ್ಪಿನಲ್ಲಿ ಕೂರುವಷ್ಟು ಪುಟ್ಟ ನಾಯಿ, ಕೇಳುವವರು ಹೆಚ್ಚಾಗಿದ್ದಾರೆ. ಅಂಥ ತಳಿಯೇ ಇಲ್ಲ. ಅತಿ ಸಣ್ಣವನ್ನು ಆರಿಸಿ ಜೋಡಿ ಮಾಡಿದರೆ ರಕ್ತದ ಸಕ್ಕರೆ ಇಳಿದು ಮರಿ ಕುಸಿಯುತ್ತದೆ. ಹೆಣ್ಣು ಈಯಲಾರದೆ ಸಿಸೇರಿಯನ್ ಆಗುತ್ತದೆ. ನಮ್ಮಲ್ಲಿ ಇಲ್ಲ ಅಂದುಬಿಡುತ್ತೇನೆ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ ಹದಿನೆಂಟು ತಿಂಗಳಿಗೆ ಮೊದಲು, ಎಂಟು ವರ್ಷದ ಮೇಲೆ ಹೆಣ್ಣಿಗೆ ಮರಿ ಮಾಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು. ಎಂಟು ವಾರಕ್ಕೆ ಮೊದಲು ಮರಿ ಮಾರುವಂತಿಲ್ಲ, ನೋಂದಣಿಯೂ ಕಡ್ಡಾಯ. ನಾನು ಎರಡು ವರ್ಷ ತುಂಬಿದ ಮೇಲೇ ಜೋಡಿ ಮಾಡುವುದು, ಅಷ್ಟರಲ್ಲಿ ಮಂಡಿಯ ಕಥೆ ಗೊತ್ತಾಗಿರುತ್ತದೆ.

ಸದ್ಯ ಮನೆಯಲ್ಲಿರುವ ಹೆಣ್ಣಿಗೆ ಎರಡೂ ಕಾಲು ಸೊನ್ನೆ, ಒಡಹುಟ್ಟಿದವೂ ಚೆನ್ನಾಗಿವೆ. ಮಳೆಗಾಲ ಮುಗಿದ ಮೇಲೆ ಬೆದೆಗೆ ಬರಬಹುದು. ಗಂಡು ಹುಡುಕುತ್ತಿದ್ದೇನೆ: ಮೂರು ವರ್ಷ ದಾಟಿರಬೇಕು, ಈಗಾಗಲೇ ಅದರ ಮರಿಗಳು ಬೆಳೆದಿರಬೇಕು, ಆ ಮರಿಗಳನ್ನು ನಾನು ನೋಡುವಂತಿರಬೇಕು. ಮಂಡಿ ಪರೀಕ್ಷೆಯ ಖರ್ಚು ನನ್ನದೇ. ಕಾರವಾರದಲ್ಲಿದ್ದರೂ ಸರಿ, ಬರುತ್ತೇನೆ.