ಡೆಟ್ರಾಯಿಟ್‌ನ ಬೂಷ್ಟು ಹಿಡಿದ ತಟ್ಟೆಗಳಿಗೆ ಮರದಂಟು ಹಚ್ಚಿದ್ದು

2021ರ ಜೂನ್ ಕೊನೆಯ ಮಳೆಗೆ ಡೆಟ್ರಾಯಿಟ್‌ನ ಸಾವಿರಾರು ನೆಲಮಾಳಿಗೆಗಳಿಗೆ ನೀರು ನುಗ್ಗಿತು. ಮುಂದಿನ ಎರಡು ವಾರ ಬೀದಿಯ ಅಂಚಿನಲ್ಲೆಲ್ಲ ನೆಂದ ಸೋಫಾ, ಹಾಸಿಗೆ, ನಡುನಡುವೆ ಹಾಲಿನ ಕ್ರೇಟುಗಳಲ್ಲಿ ಏಳಿಂಚಿನ ಗ್ರಾಮಫೋನ್ ತಟ್ಟೆಗಳು. ಕಾರಿನ ಬಿಡಿಭಾಗಗಳ ಕೆಲಸಕ್ಕೆಂದು ಈ ಊರಿಗೆ ಬಂದವನು ನಾನು. ಅಂದು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, ಮನೆಯವರನ್ನು ಕೇಳಿ, ಇಪ್ಪತ್ತು ಡಾಲರ್ ಕೈಗಿಟ್ಟು ಒಂದು ಕ್ರೇಟು ಎತ್ತಿಕೊಂಡೆ. 180 ತಟ್ಟೆಗಳ ಸುಮಾರು. ಮೋಟೌನ್ ಕಂಪನಿಯ ಟ್ಯಾಮ್ಲಾ, ಗೋರ್ಡಿ, ಜೊತೆಗೆ ರಿಕ್-ಟಿಕ್, ಕೆಳಗೆ ನಾಲ್ಕೈದು ಫಾರ್ಚ್ಯೂನ್; ಎಲ್ಲವೂ ಡೆಟ್ರಾಯಿಟ್‌ನಲ್ಲೇ ಹುಟ್ಟಿದ ಲೇಬಲ್ಲುಗಳು. ಎಲ್ಲದರ ಮೇಲೂ ಹಸಿರು ಬೂಷ್ಟು.

ಪರಿಚಯದ ಅಂಗಡಿಯವನು ಮೂಗು ಮುಚ್ಚಿಕೊಂಡು, ಕಸಕ್ಕೆ ಹಾಕು ಎಂದ. ಹೆಂಡತಿ ಕ್ರೇಟನ್ನು ಗ್ಯಾರೇಜಿನಿಂದ ಒಳಗೆ ತರಗೊಡಲಿಲ್ಲ. ಕನ್ನಡ ಕೂಟದ ಗೆಳೆಯರಿಗೆ ಈ ತಟ್ಟೆಗಳಲ್ಲಿರುವ, ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಎಂದರೆ ‘ಸೋಲು’ ಎಂದೇ ಕೇಳಿಸುತ್ತದೆ. ಮೊದಲ ವರ್ಷ ಹೆಸರಿಗೆ ತಕ್ಕ ಹಾಗೆಯೇ ಇತ್ತು, ಬಿಡಿ.

ಸಾಬೂನು ನೀರಿನಿಂದ ಮೇಲಿನದು ಹೋಯಿತು, ಗೆರೆಯೊಳಗಿನದು ಹೋಗಲಿಲ್ಲ. ತಟ್ಟೆಯ ಕೊಳೆ ಹೀರುವ ನಿರ್ವಾತ ಯಂತ್ರ ಎರವಲು ತಂದರೂ ಅಷ್ಟೆ. ಸ್ವಚ್ಛವಾಯಿತೆಂದು ನಂಬಿ ನುಡಿಸಿದ್ದಕ್ಕೆ ತೊಂಬತ್ತು ಡಾಲರಿನ ಮುಳ್ಳು ಹಾಳಾಯಿತು. ಆಮೇಲೆ ಮರದಂಟು. ನಮ್ಮ ಫೆವಿಕಾಲಿನ ಜಾತಿಯದೇ, ಇಲ್ಲಿ ಹಳದಿ ಬಣ್ಣದ್ದು ಸಿಗುತ್ತದೆ. ವಿಧಾನ ತಟ್ಟೆ ಕೂಡಿಡುವವರಿಗೆಲ್ಲ ಗೊತ್ತಿರುವುದೇ: ತಟ್ಟೆಯ ಮೇಲೆ ಸುರಿಯುವುದು, ಹರಡುವುದು, ಒಣಗಿಸಿ ಸುಲಿಯುವುದು; ಗೆರೆಯೊಳಗಿನ ಕೊಳೆ ಅಂಟಿನ ಜೊತೆ ಎದ್ದು ಬರುತ್ತದೆ. ಗೊತ್ತಿದ್ದೂ ಯಾರೂ ಮಾಡುವುದಿಲ್ಲ, ಏಕೆಂದರೆ ಮೊದಲ ಸಲ ಎಲ್ಲರದೂ ಕೆಡುತ್ತದೆ.

ನನ್ನದು ಮೂರು ಸಲ ಕೆಟ್ಟಿತು. ತೆಳುವಾಗಿ ಹಚ್ಚಿದ್ದು ಚೂರುಚೂರಾಗಿ ಬಂದು, ಉಳಿದದ್ದನ್ನು ಉಗುರಿನಿಂದ ಕೆರೆಯುತ್ತ ಒಂದು ಭಾನುವಾರ ಹೋಯಿತು. ದಪ್ಪಗೆ ಹಚ್ಚಿದ್ದು ಲೇಬಲ್ಲಿಗೆ ಹರಿದು ಕಾಗದವನ್ನೂ ಕಿತ್ತುಕೊಂಡಿತು. ಆಗಸ್ಟಿನ ಸೆಖೆಯಲ್ಲಿ ಹಚ್ಚಿದ್ದು ಎರಡು ದಿನವಾದರೂ ಒಣಗಲಿಲ್ಲ. ಗೆದ್ದದ್ದು ಜನವರಿಯಲ್ಲಿ. ಹೀಟರ್ ಉರಿಯುವ ಮನೆಯ ಒಣಹವೆಯಲ್ಲಿ ಇಪ್ಪತ್ತು ಗಂಟೆ ಇಟ್ಟು ಅಂಚು ಎತ್ತಿದರೆ, ಕಾವಲಿ ಬಿಟ್ಟ ನೀರುದೋಸೆಯ ಹಾಗೆ ಪೂರ್ತಿ ಒಂದೇ ಹಾಳೆಯಾಗಿ ಎದ್ದಿತು. ದೀಪಕ್ಕೆ ಹಿಡಿದೆ. ತಟ್ಟೆಯ ಗೆರೆಗಳೆಲ್ಲ ಹಾಳೆಯಲ್ಲಿ ಅಚ್ಚೊತ್ತಿದ್ದವು, ಅವುಗಳ ನಡುವೆ ಬೂಷ್ಟು ಸಾಸಿವೆಯ ಹಾಗೆ ಸಿಕ್ಕಿಕೊಂಡಿತ್ತು. ಲೇಬಲ್ಲಿಗೆ ಏನು ಮುಚ್ಚುತ್ತೇನೆ, ಅಂಟಿಗೆ ಏನು ಎರಡು ಹನಿ ಬೆರೆಸುತ್ತೇನೆ ಎಂಬುದನ್ನು ಹೇಳುವುದಿಲ್ಲ. ಮೂರು ಸೋಲಿನ ಕೂಲಿ ಅದು.

ಸ್ಟೈರೀನ್ ಎಂಬ ಪೆಡಸು ಪ್ಲಾಸ್ಟಿಕ್ಕಿನ ತಟ್ಟೆಗೆ ಮಾತ್ರ ಇದನ್ನು ಮಾಡಬೇಡಿ. ಸುಲಿಯುವಾಗ ಹನ್ನೊಂದೋ ಹನ್ನೆರಡೋ ಬಿರುಕು ಬಿಟ್ಟವು. ಲಾಸ್ ಏಂಜಲೀಸ್ ಕಡೆ ಒತ್ತಿದ ಮೋಟೌನ್ ತಟ್ಟೆಗಳಲ್ಲಿ ಸ್ಟೈರೀನ್ ಬಹಳ. ನಮ್ಮ ಮಿಷಿಗನ್‌ನ ಒವಾಸೋದ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್ ಕಾರ್ಖಾನೆಯಲ್ಲಿ ಒತ್ತಿದವು ವಿನೈಲ್, ಬಾಗುವ ಪ್ಲಾಸ್ಟಿಕ್. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಎಆರ್‌ಪಿ ಎಂಬ ಪುಟ್ಟ ಮುದ್ರೆ ಕಂಡರೆ ಧೈರ್ಯವಾಗಿ ಅಂಟು ಸುರಿಯಿರಿ. ಆ ಕಾರ್ಖಾನೆ 1972ರಲ್ಲಿ ಸುಟ್ಟುಹೋಯಿತು. ಮೋಟೌನ್ ಊರು ಬಿಟ್ಟು ಲಾಸ್ ಏಂಜಲೀಸಿಗೆ ಹೋದದ್ದೂ ಅದೇ ವರ್ಷ.

ಸೊಟ್ಟಗಾದವನ್ನು ನೆಟ್ಟಗೆ ಮಾಡಲು ಮೊದಲು ಅಡುಗೆಮನೆಯ ಓವನ್ ಬಳಸಿದೆ. ಅದರ ಅತಿ ಕಡಿಮೆ ಶಾಖವೇ 77 ಡಿಗ್ರಿ. ಎರಡು ತಟ್ಟೆ ಹಪ್ಪಳವಾದವು. ಈಗ ಎರಡು ದಪ್ಪ ಗಾಜುಗಳ ನಡುವೆ ಇಟ್ಟು, ಜುಲೈ ಬಿಸಿಲಿನಲ್ಲಿ ಕಿಟಕಿ ಮುಚ್ಚಿದ ಕಾರಿನೊಳಗೆ ಬಿಡುತ್ತೇನೆ. ಕಾರಿನ ಊರಿನಲ್ಲಿ ಕಾರೇ ಒಲೆ. ಮುಳ್ಳಿನದು ಇನ್ನೊಂದು ಹುಚ್ಚು. ಅರವತ್ತರ ದಶಕದ ಈ ತಟ್ಟೆಗಳು ಹೆಚ್ಚಾಗಿ ಮೋನೋ, ಸ್ಟೀರಿಯೋ ಅಲ್ಲ. ಹಳೆಯ ಮುಳ್ಳುಗಳು ಗೆರೆಯ ಒಂದು ಎತ್ತರವನ್ನು ಸವೆಸಿರುತ್ತವೆ. ಬೇರೆ ಅಳತೆಯ ಮುಳ್ಳು ಸವೆಯದ ಎತ್ತರದಲ್ಲಿ ಕೂರುತ್ತದೆ. ನಾಲ್ಕು ಕೊಂಡು, ಮುನ್ನೂರು ಡಾಲರ್ ಸುರಿದು, ಒಂದನ್ನು ಉಳಿಸಿಕೊಂಡೆ. ಆ ಒಂದರಲ್ಲಿ ಮೋಟೌನ್ ವಾದಕ ಜೇಮ್ಸ್ ಜೇಮರ್ಸನ್‌ನ ಬೇಸ್ ಗಿಟಾರ್ ಎದೆಗೆ ಬಂದು ತಾಗುತ್ತದೆ.

ಬಂದ ನೆಂಟರೆಲ್ಲ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ 2648ನೇ ನಂಬರಿನ ಮನೆ ನೋಡುತ್ತಾರೆ. 1959ರಲ್ಲಿ ಬೆರಿ ಗೋರ್ಡಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಶುರುಮಾಡಿದ ಮೋಟೌನ್ ಕಂಪನಿಯ ಮನೆ, ಈಗ ಮ್ಯೂಸಿಯಂ. ನೋಡಲಿ. ಆದರೆ ನನ್ನ ಹೊಟ್ಟೆ ಉರಿಯುವುದು ಜೋ ವಾನ್ ಬ್ಯಾಟಲ್‌ನ ಅಂಗಡಿಯ ವಿಷಯಕ್ಕೆ. ಹೇಸ್ಟಿಂಗ್ಸ್ ಬೀದಿಯಲ್ಲಿ ತಟ್ಟೆ ಮಾರುತ್ತ, ಪಾದ್ರಿ ಸಿ. ಎಲ್. ಫ್ರ್ಯಾಂಕ್ಲಿನ್‌ರ ಪ್ರವಚನಗಳನ್ನೂ ಮುಂದೆ ಸೋಲ್ ಸಂಗೀತದ ರಾಣಿ ಎನಿಸಿದ ಅವರ ಮಗಳು ಅರೀಥಾಳ ಎಳೆಯ ದನಿಯನ್ನೂ ಮುದ್ರಿಸಿದವನು ಅವನು. ಹೆದ್ದಾರಿಗೆಂದು ಕಪ್ಪು ಜನರ ಆ ಬೀದಿಯನ್ನೇ ಕೆಡವಿದರು. ಹನ್ನೆರಡನೇ ಬೀದಿಗೆ ಹೋದ. 1967ರ ಜುಲೈ ದಂಗೆಯಲ್ಲಿ ಆ ಅಂಗಡಿಯೂ ಹೋಯಿತು. ಬೆಂಕಿ ಉಳಿಸಿದ ಟೇಪುಗಳನ್ನು ಬೆಂಕಿ ಆರಿಸಿದ ನೀರು ಹಾಳುಮಾಡಿತು. ನೆಂದ ಕ್ರೇಟು ಕಂಡಾಗ ಕಾರು ನಿಲ್ಲಿಸಿದ್ದಕ್ಕೆ ಅದೂ ಒಂದು ಕಾರಣ.

180ರಲ್ಲಿ 140ರಷ್ಟು ಉಳಿದವು. ಅಂಟಿಗೇ ಇನ್ನೂರು ಡಾಲರ್ ದಾಟಿದೆ. ಕಸ ಎಂದಿದ್ದ ಅಂಗಡಿಯವನು ಒಂದು ರಿಕ್-ಟಿಕ್‌ಗೆ ಎಂಬತ್ತು ಡಾಲರ್ ಹೇಳಿದ, ಲೇಬಲ್ಲಿನ ಮೇಲೆ ಪೆನ್ನಿನಲ್ಲಿ ಹೆಸರು ಬರೆದಿದೆ ಎಂದು ಅರವತ್ತಕ್ಕೆ ಇಳಿದ. ಆಗಿನ ಕಾಲದಲ್ಲಿ ಮನೆಮನೆಯ ಪಾರ್ಟಿಗೆ ತಟ್ಟೆ ಒಯ್ಯುವಾಗ ಕಳೆದುಹೋಗದಿರಲೆಂದು ಹೆಸರು ಬರೆಯುತ್ತಿದ್ದರು, ನಮ್ಮಲ್ಲಿ ಮದುವೆ ಮನೆಗೆ ಕೊಡುವ ಪಾತ್ರೆಯ ಮೇಲೆ ಕೆತ್ತಿಸಿದ ಹಾಗೆ. ಅಳಿಸಲು ಮನಸ್ಸಾಗಲಿಲ್ಲ, ಮಾರಲಿಲ್ಲ.

ಕಳೆದ ವಸಂತದಲ್ಲಿ, ಕ್ರೇಟು ಸಿಕ್ಕಿದ ಬಡಾವಣೆಯ ಚರ್ಚಿನ ಸಭಾಂಗಣದಲ್ಲಿ ಎಲ್ಲವನ್ನೂ ನುಡಿಸಿದೆ. ಐವತ್ತು ಜನರಿದ್ದರೇನೋ, ಹೆಚ್ಚಿನವರು ಎಪ್ಪತ್ತು ದಾಟಿದವರು. ಹಾಡಿಗಿಂತ ಮೊದಲು ಅವರು ಓದಿದ್ದು ಹೆಸರುಗಳನ್ನು. ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು ಕನ್ನಡಕ ಹಣೆಗೇರಿಸಿ ಆ ರಿಕ್-ಟಿಕ್ಕನ್ನು ಕಣ್ಣಿನ ಹತ್ತಿರ ಹಿಡಿದರು. ‘ಇದು ನನ್ನ ಅಕ್ಷರ. ಕೊಟ್ಟವನು ನಾನು, ವಾಪಸ್ ಕೊಡದವಳು ಅವಳು’ ಎಂದರು. ‘ಅವಳು’ ಯಾರೆಂದು ಎದುರು ಸಾಲಿನವರಿಗೆಲ್ಲ ಗೊತ್ತಿತ್ತು, ನಗು ನಿಲ್ಲಲು ಒಂದು ಹಾಡಿನ ಹೊತ್ತು ಹಿಡಿಯಿತು. ತಟ್ಟೆ ಅವರ ಕೋಟಿನ ಜೇಬಿಗೆ ಹೋಯಿತು, ನಾನು ಕೇಳಲಿಲ್ಲ. ಮುಂದಿನ ಶನಿವಾರ ಅವರೇ ಎರಡು ಕ್ರೇಟು ಬೂಷ್ಟನ್ನು ನನ್ನ ಗ್ಯಾರೇಜಿನ ಮುಂದೆ ಇಳಿಸಿ ಹೋದರು. ಹೆಂಡತಿಗೆ ಇನ್ನೂ ಹೇಳಿಲ್ಲ.