ಬರವಣಿಗೆ ನಿಂತಾಗ ಮನಿ ಮಾತಿನಾಗ ಬರೀರಿ

ಕತಿ, ಲೇಖನ ಬರಿಯೋರಿಗೆ ಒಂದು ಉಪಾಯ. ಒಂದು ಸಾಲೂ ಮುಂದ ಹೋಗದ ದಿನ ಪುಸ್ತಕದ ಕನ್ನಡ ಬದಿಗಿಟ್ಟು, ಸಿಕ್ಕಿಬಿದ್ದ ಪ್ಯಾರಾನ ನಮ್ಮ ಕಲಬುರಗಿ ಮಾತಿನಾಗೇ ಬರೀರಿ, ಅಕ್ಕಗ ಫೋನಿನಾಗ ಹೇಳಿದಂಗ. 'ತೊಗರಿ ರಾಶಿ ಮಾಡ್ಲಕತ್ತಾರ, ಧೂಳಂದ್ರ ಧೂಳು, ಕಣ್ಣು ಬಿಡ್ಲಕ ಆಗವಲ್ದು' ಅಂತ ಇದ್ರೂ ನಡೀತದ. ತಿದ್ದೋದು ಮರುದಿನದ ಕೆಲಸ. ಏನು ಹೇಳಬೇಕು, ಹೆಂಗ ಹೇಳಬೇಕು ಅನ್ನೋ ಎರಡೂ ಒಮ್ಮೆಲೇ ಮಾಡ್ಲಕ ಹೋದ್ರ, ಸಾಲು ಹುಟ್ಟೋದಕ್ಕಿಂತ ಮೊದಲೇ ತಲಿ ಅದನ್ನ ಹೊಡೆದುಹಾಕ್ತದ. ಮನಿ ಮಾತಿನಾಗ ತಪ್ಪು ಹಿಡಿಯೋರು ಯಾರೂ ಇರಂಗಿಲ್ಲ. ಮರುದಿನ ಓದಿದಾಗ ಕೆಲವು ಸಾಲು ಹಂಗೇ ಇರ್ಲಿ ಅನಿಸ್ತಾವ, ಪಾತ್ರಗಳ ಮಾತಂತೂ ಮುಟ್ಟಲೇಬ್ಯಾಡ್ರಿ. ಹಾಂ, ಪೆನ್ನಿನಿಂದ ಬರೀರಿ. ಫೋನಿಗೆ ಹೇಳಿ ಬರೆಸಿದ್ರ 'ಮಾಡ್ಲಕತ್ತಾರ' ಅನ್ನೋದು ಅದಕ್ಕ ತಿಳಿಯಂಗಿಲ್ಲ, ಏನೇನೋ ಬರೀತದ, ಅದನ್ನ ತಿದ್ದೋದರಾಗೇ ಲಹರಿ ಹೋಗ್ತದ. ಇದು ಎಲ್ಲಾ ಕಡಿ ನಡಿಯಂಗಿಲ್ಲ. 1347ರಾಗ ಹುಟ್ಟಿದ ಬಹಮನಿ ರಾಜ್ಯದ ಮ್ಯಾಲ ಲೇಖನ ನಿಂತದ ಅಂದ್ರ ತೊಂದ್ರಿ ಭಾಷೆದಲ್ಲ, ಇನ್ನೂ ಓದೋದು ಬಾಕಿ ಅದ ಅಂತ ಅರ್ಥ, ಗ್ರಂಥಾಲಯಕ್ಕ ಹೋಗ್ರಿ. ಛಂದಸ್ಸಿನ ಪದ್ಯಕ್ಕೂ ಕೆಲಸಕ್ಕ ಬರಂಗಿಲ್ಲ, ಯಾಕಂದ್ರ ತಿದ್ದಿದ ಕೂಡ್ಲೇ ಮಾತ್ರೆ ಕೆಡ್ತದ. ಇನ್ನ ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿ ಬಿಸಿಲಿನಾಗ ಕರೆಂಟೂ ಹೋಗಿದ್ರ ಯಾವ ಉಪಾಯನೂ ನಡಿಯಂಗಿಲ್ಲ, ಮಜ್ಜಿಗಿ ಕುಡಿದು ಮಲಕ್ಕೊಳ್ರಿ.